ಅಮೀನುಲ್ ಮುಲ್ಕ್ ಸರ್ ಮಿರ್ಜಾ ಇಸ್ಮಾಯಿಲ್



ಹೊಸಪೇಟೆಯವರಾದ ನಾವು ಹಂಪಿಗೆ ಎಷ್ಟು ಸಲ ಹೋಗಿದ್ದೇವೆಂದು ಲೆಕ್ಕ ಇಟ್ಟಿರುವುದಿಲ್ಲ. ಬಂಧುಗಳು ಬಂದರೆ ಹಂಪಿ, ಶಾಲೆಯ ಪ್ರವಾಸವೆಂದರೆ ಹಂಪಿ. ಆದರೆ ಕಮಲಾಪುರದಿಂದ ತಳವಾರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಕಲ್ಲಿನ ಕಟ್ಟಡದ ಮುಂದೆ ವಾಹನ ನಿಲ್ಲಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಅದು ಅಹಮದ್ ಖಾನನ ಮಸೀದಿ. ಕಮಾನುಗಳಿಲ್ಲ, ಮಿನಾರುಗಳಿಲ್ಲ. ದೂರದಿಂದ ನೋಡಿದರೆ ವಿಜಯನಗರದ ಯಾವುದೋ ಕಂಬಗಳ ಮಂಟಪ ಎನ್ನಿಸುತ್ತದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬ ಅಧಿಕಾರಿ ಇದನ್ನು 1439ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನವು ಇದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ತನ್ನ ದೊರೆಗೆ ಪುಣ್ಯ ಬರಲೆಂದು ಕಟ್ಟಿಸಿದ್ದಾಗಿ ಹೇಳುತ್ತದೆ.

ಕಳೆದ ಸಲ ನನ್ನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಶಾಸನದ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಅದೆಲ್ಲ ಐನೂರು ವರ್ಷಗಳ ಹಿಂದಿನ ಮಾತಾಯಿತು, ಈಗಿನ ಕಾಲದಲ್ಲಿ ನಮ್ಮಂಥವರನ್ನು ಯಾರು ನಂಬಿ ದೊಡ್ಡ ಕೆಲಸ ಕೊಡುತ್ತಾರೆ ಎಂಬುದು ಅವನ ಪ್ರಶ್ನೆ. ಅದು ಅವನು ಮನೆಯಲ್ಲಿ ಕೇಳಿಸಿಕೊಂಡ ಮಾತೆಂದು ನನಗೆ ತಿಳಿಯಿತು. ಇದೇ ಮಾತನ್ನು ನಾನೂ ನನ್ನ ಬಾಲ್ಯದಲ್ಲಿ ಕೇಳಿದ್ದೆ. ಗಣಿಗಾರಿಕೆಯ ಭರಾಟೆಯ ದಿನಗಳಲ್ಲಿ ನನ್ನ ಜೊತೆ ಓದುತ್ತಿದ್ದ ಕೆಲವರು ಇದೇ ಮಾತು ಹೇಳಿ ಪುಸ್ತಕ ಮಡಚಿಟ್ಟು ಸಂಡೂರಿನ ಅದಿರು ಲಾರಿಗಳಿಗೆ ಕ್ಲೀನರ್ ಆಗಿ ಹೋದರು. 2011ರಲ್ಲಿ ನ್ಯಾಯಾಲಯದ ಆದೇಶದಿಂದ ಗಣಿಗಳು ನಿಂತಾಗ ಅವರ ಕೈಯಲ್ಲಿ ಲಾರಿಯೂ ಇರಲಿಲ್ಲ, ಓದೂ ಇರಲಿಲ್ಲ.

ಆ ಹುಡುಗನಿಗೆ ಅಂದು ನಾನು ಹೇಳಿದ್ದು ಸರ್ ಮಿರ್ಜಾ ಇಸ್ಮಾಯಿಲ್‌ರವರ ಕಥೆ. ಅದನ್ನೇ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಷಿರಾಜ್‌ನಿಂದ ಬೆಂಗಳೂರಿಗೆ

ಮಿರ್ಜಾರವರ ಬದುಕನ್ನು ಅವರ ತಾತನಿಂದ ಆರಂಭಿಸಬೇಕು. ತಾತ ಅಲಿ ಅಸ್ಕರ್ ಪರ್ಷಿಯಾದ ಷಿರಾಜ್ ನಗರದವರು. 1824ರಲ್ಲಿ, ಸುಮಾರು ಹದಿನಾರರ ವಯಸ್ಸಿನಲ್ಲಿ, ಕುದುರೆಗಳ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದರು. ನಿಮ್ಮಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿರುವವರ ವಯಸ್ಸು ಅದು! ಭಾಷೆ ಗೊತ್ತಿಲ್ಲದ ನಾಡಿನಲ್ಲಿ ಅವರ ಬಂಡವಾಳ ಎರಡೇ. ಒಂದು, ಒಳ್ಳೆಯ ಕುದುರೆ ಯಾವುದೆಂದು ನೋಡಿದ ಕೂಡಲೇ ಹೇಳಬಲ್ಲ ಕಣ್ಣು. ಇನ್ನೊಂದು, ಕೆಟ್ಟ ಕುದುರೆಯನ್ನು ಒಳ್ಳೆಯದೆಂದು ಮಾರದ ನಾಲಿಗೆ. ಮೈಸೂರಿನ ಕುದುರೆ ದಳಕ್ಕೆ ಕುದುರೆಗಳನ್ನು ಒದಗಿಸಿದರು. ಕಮಿಷನರ್ ಮಾರ್ಕ್ ಕಬ್ಬನ್‌ರ ಕಾಲದಲ್ಲಿ ಬೆಂಗಳೂರಿನಲ್ಲಿ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿಗೆ ಹೋದಾಗ ಅಲಿ ಅಸ್ಕರ್ ರಸ್ತೆ ಎಂಬ ಫಲಕ ಕಂಡರೆ ಅದು ಇವರ ಹೆಸರೇ ಎಂದು ತಿಳಿಯಿರಿ.

ಅವರ ಮಗ ಆಗಾ ಜಾನ್ ಮೈಸೂರು ಮಹಾರಾಜರ ಅಂಗರಕ್ಷಕ ಅಧಿಕಾರಿಯಾದರು. ಆಗಾ ಜಾನ್‌ರ ಮಗನಾಗಿ ಮಿರ್ಜಾ ಇಸ್ಮಾಯಿಲ್ 1883ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಮೊದಲ ತಲೆಮಾರು ಅರಮನೆಗೆ ಕುದುರೆ ಕೊಟ್ಟಿತು. ಎರಡನೆಯ ತಲೆಮಾರು ಅರಮನೆಯ ಬಾಗಿಲು ಕಾಯಿತು. ಮೂರನೆಯದು ರಾಜ್ಯವನ್ನೇ ನಡೆಸಿತು. ಇದು ಒಂದು ದಿನದಲ್ಲಿ, ಯಾರದೋ ಶಿಫಾರಸಿನಿಂದ ಆದದ್ದಲ್ಲ. ಅದರ ಹಿಂದೆ ನೂರು ವರ್ಷಗಳ ನಂಬಿಕೆ ಇತ್ತು.

ಒಂದೇ ಬೆಂಚಿನ ಇಬ್ಬರು ಹುಡುಗರು

1894ರ ಕೊನೆಯಲ್ಲಿ ಚಾಮರಾಜ ಒಡೆಯರು ತೀರಿಕೊಂಡಾಗ ಅವರ ಮಗ ಕೃಷ್ಣರಾಜರಿಗೆ ಇನ್ನೂ ಹತ್ತು ವರ್ಷ. ಆ ಬಾಲಕನ ವಿದ್ಯಾಭ್ಯಾಸಕ್ಕಾಗಿ ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯನ್ನು ನೇಮಿಸಲಾಯಿತು. ರಾಜಕುಮಾರ ಒಬ್ಬಂಟಿಯಾಗಿ ಕಲಿಯಬಾರದೆಂದು ಕೆಲವು ಹುಡುಗರನ್ನು ಜೊತೆಗೆ ಸೇರಿಸಿದರು. ಅವರಲ್ಲಿ ಮಿರ್ಜಾ ಒಬ್ಬರು. ಇಬ್ಬರ ವಯಸ್ಸಿನ ಅಂತರ ಒಂದು ವರ್ಷಕ್ಕೂ ಕಡಿಮೆ. ಒಟ್ಟಿಗೆ ಓದಿದರು, ಒಟ್ಟಿಗೆ ಆಡಿದರು, ಒಟ್ಟಿಗೆ ಕುದುರೆ ಸವಾರಿ ಮಾಡಿದರು. ಒಬ್ಬರು ಚಾಮುಂಡೇಶ್ವರಿಯ ಭಕ್ತರು, ಇನ್ನೊಬ್ಬರು ಪರ್ಷಿಯಾ ಮೂಲದ ಮುಸ್ಲಿಂ ಮನೆತನದವರು. ಆ ಬೆಂಚಿನ ಮೇಲೆ ಬೆಳೆದ ಸ್ನೇಹ 1940ರಲ್ಲಿ ಮಹಾರಾಜರು ಕಣ್ಣು ಮುಚ್ಚುವವರೆಗೂ ಉಳಿಯಿತು.

ಮಹಾರಾಜರ ಗೆಳೆಯರಾಗಿದ್ದರಿಂದ ಮಿರ್ಜಾರಿಗೆ ನೇರವಾಗಿ ದೊಡ್ಡ ಕುರ್ಚಿ ಸಿಕ್ಕಿತೆಂದು ಭಾವಿಸಬೇಡಿ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಬಿ.ಎ. ಪದವಿ ಪಡೆದರು. ಮೊದಲ ಹುದ್ದೆ ಪೊಲೀಸ್ ಇಲಾಖೆಯ ಸಹಾಯಕ ಸೂಪರಿಂಟೆಂಡೆಂಟ್. ನಂತರ ಅರಮನೆಯ ಕಛೇರಿಗೆ ಬಂದು ಸಹಾಯಕ ಕಾರ್ಯದರ್ಶಿ, ಹುಜೂರ್ ಕಾರ್ಯದರ್ಶಿ, ಮಹಾರಾಜರ ಖಾಸಗಿ ಕಾರ್ಯದರ್ಶಿ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ರಾಜ್ಯ ಕಟ್ಟುವ ಕೆಲಸವನ್ನು ಹತ್ತಿರದಿಂದ ಕಂಡರು. ಕಡತ ಓದುವುದು, ಪತ್ರ ಬರೆಯುವುದು, ಹತ್ತು ಜನರ ಹತ್ತು ಮಾತು ಕೇಳಿ ತಾವು ಒಂದೇ ಮಾತು ಆಡುವುದು, ಇವನ್ನೆಲ್ಲ ಇಪ್ಪತ್ತು ವರ್ಷ ಕಲಿತರು. 1926ರಲ್ಲಿ ಮೈಸೂರಿನ ದಿವಾನರಾದಾಗ ಅವರ ವಯಸ್ಸು ನಲವತ್ತೆರಡು.

ಮಹಾರಾಜರು ಅವರಿಗೆ ಕೊಟ್ಟ ಬಿರುದು ಅಮೀನುಲ್ ಮುಲ್ಕ್. ಉರ್ದು ಬಲ್ಲ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಲ್ಕ್ ಎಂದರೆ ನಾಡು. ಅಮೀನ್ ಎಂದರೆ ಅಮಾನತ್ತನ್ನು ಕಾಪಾಡುವವನು, ಬೇರೆಯವರ ಸೊತ್ತನ್ನು ಕೈಗೆ ಕೊಟ್ಟರೆ ಒಂದು ಕಾಸು ಕಡಿಮೆಯಾಗದಂತೆ ಹಿಂದಿರುಗಿಸುವವನು. ಪ್ರವಾದಿ ಮುಹಮ್ಮದ್ (ಸ)ರವರನ್ನು ಮಕ್ಕಾದ ಜನ ಅಲ್ ಅಮೀನ್ ಎಂದು ಕರೆಯುತ್ತಿದ್ದುದನ್ನು ನಾವು ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳಿಕೊಡುತ್ತೇವೆ. ಹಿಂದೂ ಮಹಾರಾಜರೊಬ್ಬರು ತಮ್ಮ ಮುಸ್ಲಿಂ ಗೆಳೆಯನಿಗೆ ಆ ಮಾತನ್ನೇ ಆರಿಸಿ ಬಿರುದಾಗಿ ಕೊಟ್ಟರು.

ಬೆಳಗಿನ ಸುತ್ತು

ದಿವಾನರಾಗಿ ಮಿರ್ಜಾರವರು 15 ವರ್ಷ ಇದ್ದರು. ಶೇಷಾದ್ರಿ ಅಯ್ಯರ್‌ರವರ ನಂತರ ಮೈಸೂರಿನಲ್ಲಿ ಇಷ್ಟು ದೀರ್ಘಕಾಲ ದಿವಾನರಾಗಿದ್ದವರು ಬೇರೊಬ್ಬರಿಲ್ಲ. ಹಳೆಯ ತಲೆಮಾರಿನವರು ಅವರ ಬಗ್ಗೆ ಹೇಳುತ್ತಿದ್ದ ಮೊದಲ ಮಾತು ಅವರ ಬೆಳಗಿನ ಸುತ್ತಿನದು. ಬೆಳಗಾದರೆ ದಿವಾನರು ನಗರ ನೋಡಲು ಹೊರಡುತ್ತಿದ್ದರು. ಚರಂಡಿ ಕಟ್ಟಿದೆಯೇ, ರಸ್ತೆ ಗುಡಿಸಿದೆಯೇ, ಉದ್ಯಾನದ ಗಿಡಕ್ಕೆ ನೀರು ಬಿದ್ದಿದೆಯೇ ಎಂದು ತಾವೇ ನೋಡುತ್ತಿದ್ದರು. ರಾಜ್ಯದ ಅತಿ ದೊಡ್ಡ ಅಧಿಕಾರಿಗೆ ಚರಂಡಿ ನೋಡುವ ಕೆಲಸವೇಕೆ ಎಂದು ನೀವು ಕೇಳಬಹುದು. ಮನೆಯ ಯಜಮಾನ ಬೆಳಿಗ್ಗೆ ಎದ್ದು ಅಂಗಳ ನೋಡುವುದಿಲ್ಲವೇ? ಅವರಿಗೆ ಮೈಸೂರು ರಾಜ್ಯವೇ ಮನೆ. ಚೆಂದವಾಗಿರುವುದು ಶ್ರೀಮಂತರ ಹಕ್ಕು ಮಾತ್ರವಲ್ಲ, ಬಡವನು ನಡೆಯುವ ಬೀದಿಯೂ ಚೆಂದವಾಗಿರಬೇಕು ಎಂಬುದು ಅವರ ನಂಬಿಕೆಯಾಗಿತ್ತು.

ಕನ್ನಂಬಾಡಿ ಅಣೆಕಟ್ಟಿನ ಕೆಳಗಿನ ಬೃಂದಾವನ ಅದಕ್ಕೆ ಸಾಕ್ಷಿ. ಕಲ್ಲು ಮಣ್ಣು ಹರಡಿ ಬಿದ್ದಿದ್ದ ಆ ಜಾಗದಲ್ಲಿ ಕಾಶ್ಮೀರದ ಶಾಲಿಮಾರ್ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟವನ್ನು ಮಾಡಿಸಿದರು. ತೋಟಗಾರಿಕೆಯ ತಜ್ಞ ಕ್ರುಂಬಿಗಲ್‌ರವರು ವಿನ್ಯಾಸ ಮಾಡಿದರು. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ಅಣೆಕಟ್ಟೆಂದರೆ ನೀರು ನಿಲ್ಲಿಸುವ ಗೋಡೆ ಮಾತ್ರ ಎಂದುಕೊಂಡಿದ್ದ ಜನರಿಗೆ, ಅದು ಸಂಸಾರ ಸಮೇತ ಹೋಗಿ ಸಂಜೆ ಕಳೆಯುವ ಜಾಗವೂ ಆಗಬಹುದೆಂದು ಅದು ತೋರಿಸಿತು. ನಮ್ಮ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಉದ್ಯಾನದಲ್ಲಿ ಭಾನುವಾರ ಕುಳಿತು ಮಂಡಕ್ಕಿ ತಿನ್ನುವಾಗ ಈ ಮಾತು ನಿಮಗೆ ನೆನಪಾಗಲಿ.

ಆದರೆ ಅವರ ಕೆಲಸ ಹೂವಿನ ತೋಟಕ್ಕೆ ಮುಗಿಯಲಿಲ್ಲ. ಕನ್ನಂಬಾಡಿಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಅವರ ಕಾಲದಲ್ಲಿ ಪೂರ್ಣವಾಯಿತು. ಬೆಂಗಾಡಾಗಿದ್ದ ಮಂಡ್ಯದ ಹೊಲಗಳಿಗೆ ನೀರು ಬಂತು, ಕಬ್ಬು ಬಂತು. ಬೆಳೆದ ಕಬ್ಬು ಎಲ್ಲಿಗೆ ಹೋಗಬೇಕು? ಹಾಗಾಗಿ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಹೊಸಪೇಟೆ ಮತ್ತು ಕಂಪ್ಲಿಯ ರೈತರಿಗೆ ಈ ಸರಪಳಿಯನ್ನು ವಿವರಿಸುವ ಅಗತ್ಯವಿಲ್ಲ. ಕಾಲುವೆ ಇದ್ದು ಕಾರ್ಖಾನೆ ಇಲ್ಲದಿದ್ದರೆ ಕಬ್ಬಿನ ಗತಿ ಏನೆಂದು ನಮ್ಮವರು ಕಣ್ಣಾರೆ ಕಂಡಿದ್ದಾರೆ.

ಭದ್ರಾವತಿಯಲ್ಲಿ ಕಬ್ಬಿಣದ ಜೊತೆಗೆ ಸಿಮೆಂಟ್ ಮತ್ತು ಕಾಗದದ ಕಾರ್ಖಾನೆಗಳು ಬಂದವು. ಬೆಂಗಳೂರಿನಲ್ಲಿ ಪಿಂಗಾಣಿ ಮತ್ತು ವಿದ್ಯುತ್ ದೀಪಗಳ ಕಾರ್ಖಾನೆಗಳು ಬಂದವು. ಹಳ್ಳಿಗಳಿಗೂ ವಿದ್ಯುತ್ ತಲುಪಿಸುವ ಕೆಲಸದಲ್ಲಿ ಮೈಸೂರು ಇಡೀ ದೇಶಕ್ಕೆ ಮುಂದಿತ್ತು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್‌ರವರು ವಿಮಾನದ ಕಾರ್ಖಾನೆ ಕಟ್ಟಲು ಜಾಗ ಹುಡುಕುತ್ತಿದ್ದಾಗ ಮಿರ್ಜಾರವರ ಸರ್ಕಾರ ಬೆಂಗಳೂರಿನಲ್ಲಿ ಜಮೀನನ್ನೂ ಕೊಟ್ಟು ಬಂಡವಾಳದಲ್ಲಿ ಪಾಲನ್ನೂ ಹಾಕಿತು. ಅದೇ ಇಂದಿನ ಎಚ್.ಎ.ಎಲ್. ಇವುಗಳಲ್ಲಿ ಕೆಲವು ಕಾರ್ಖಾನೆಗಳು ಇಂದು ಮುಚ್ಚಿವೆ. ಆದರೂ ಅವುಗಳ ಸಂಬಳದಿಂದ ಸಂಸಾರ ನಡೆಸಿ ಮಕ್ಕಳನ್ನು ಓದಿಸಿದ ಮನೆಗಳು ಎಲ್ಲ ಧರ್ಮಗಳಲ್ಲಿಯೂ ಇವೆ.

ಪರೀಕ್ಷೆಯ ದಿನಗಳು

ಮಿತ್ರರೇ, ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಕಥೆ ಹೇಳಿದಂತಾಗುತ್ತದೆ. ನಂಬಿಕೆಗೆ ಪಾತ್ರರಾದವರನ್ನು ಜನ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಮಿರ್ಜಾರವರೂ ಅದಕ್ಕೆ ಹೊರತಾಗಲಿಲ್ಲ.

1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯದಲ್ಲಿ ವಿವಾದ ಎದ್ದು ಗಲಭೆಯಾಯಿತು. ದಿವಾನರು ಮುಸಲ್ಮಾನರಾದ್ದರಿಂದಲೇ ಹೀಗಾಯಿತೆಂದು ಆರೋಪಿಸಿದವರು ಬಹಳ. ಎರಡು ವರ್ಷ ಮಾಡಿದ ಕೆಲಸವೆಲ್ಲ ಒಂದೇ ವಾರದಲ್ಲಿ ಮರೆತುಹೋದಂತಾಯಿತು. ಸರ್ಕಾರ ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಎಲ್ಲರೂ ಗೌರವಿಸುತ್ತಿದ್ದ ವಿಶ್ವೇಶ್ವರಯ್ಯನವರು. ತಮ್ಮದೇ ಸರ್ಕಾರವನ್ನು ಅಂಥ ನಿಷ್ಠುರ ಮನುಷ್ಯರ ವಿಚಾರಣೆಗೆ ಒಡ್ಡುವುದು ಸಣ್ಣ ಮಾತಲ್ಲ. ಮಹಾರಾಜರ ವಿಶ್ವಾಸ ಕದಲಲಿಲ್ಲ, ಮಿರ್ಜಾರವರೂ ಕೆಲಸ ಬಿಟ್ಟು ಹೋಗಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಅವರು ಪೂರ್ತಿ ಉತ್ತೀರ್ಣರಾದರೆಂದು ನಾನು ಹೇಳಲಾರೆ. ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರಿನ ಜನ ಚಳವಳಿ ನಡೆಸಿದಾಗ ಅವರ ಆಡಳಿತ ಬಿಗಿಯಾಯಿತು. ಹೋರಾಟಗಾರರು ಜೈಲು ಸೇರಿದರು, ಪತ್ರಿಕೆಗಳ ಮೇಲೆ ಕ್ರಮಗಳಾದವು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅಮಾಯಕರು ಸತ್ತರು. ಸರ್ದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತುಕತೆ ನಡೆಸಿದ ಮೇಲೆ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ಬೀದಿಯನ್ನು ಚೆಂದವಾಗಿ ಇಡಬಲ್ಲ ಆಡಳಿತಗಾರನು ಆ ಬೀದಿಯಲ್ಲಿ ನಡೆಯುವವರ ದನಿಯನ್ನೂ ಕೇಳಬೇಕು. ದೊಡ್ಡವರ ಬದುಕಿನಿಂದ ನಾವು ಕಲಿಯುವಾಗ ಅವರು ಎಡವಿದ ಜಾಗವನ್ನೂ ಗುರುತಿಸಿಕೊಳ್ಳಬೇಕು. ನಾನು ನನ್ನ ವಿದ್ಯಾರ್ಥಿಗಳಿಗೆ ಇದನ್ನು ಮುಚ್ಚಿಡುವುದಿಲ್ಲ.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಮರುವರ್ಷವೇ ಮಿರ್ಜಾರವರು ದಿವಾನ್ ಪದವಿಯನ್ನು ಬಿಟ್ಟರು. 1942ರಲ್ಲಿ ಜೈಪುರದ ಮಹಾರಾಜರು ಅವರನ್ನು ತಮ್ಮ ಪ್ರಧಾನಮಂತ್ರಿಯಾಗಿ ಬರಮಾಡಿಕೊಂಡರು. ಅಲ್ಲಿಯೂ ಅದೇ ಬೆಳಗಿನ ಸುತ್ತು, ಅದೇ ಹೊಸ ರಸ್ತೆಗಳು. ಇಂದಿಗೂ ಜೈಪುರದ ಮುಖ್ಯ ರಸ್ತೆಗೆ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು. ಅಲ್ಲಿಯ ಆಟೋದವರು ಎಂ.ಐ. ರೋಡ್ ಎನ್ನುತ್ತಾರೆ. ರಜಪೂತರ ರಾಜಧಾನಿಯಲ್ಲಿ ಬೆಂಗಳೂರಿನ ಮಗನೊಬ್ಬನ ಹೆಸರು ದಿನಕ್ಕೆ ಸಾವಿರ ಸಲ ಕೇಳಿಬರುತ್ತದೆ.

ನದಿಯ ಆಚೆ ದಡ

ಇನ್ನು ಮುಂದಿನ ಭಾಗ ನಮ್ಮ ಊರಿಗೆ ಹತ್ತಿರದ್ದು. ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಮದ್ರಾಸ್ ಪ್ರಾಂತದಲ್ಲಿದ್ದವು. ಸಂಡೂರು ಘೋರ್ಪಡೆ ಅರಸರ ಚಿಕ್ಕ ಸಂಸ್ಥಾನವಾಗಿತ್ತು. ನದಿಯ ಆಚೆಯ ಮುನಿರಾಬಾದ್, ಆನೆಗೊಂದಿ, ಗಂಗಾವತಿಗಳು ಹೈದರಾಬಾದ್ ನಿಜಾಮರವು. ಮಿರ್ಜಾರವರು 1946ರ ಆಗಸ್ಟ್‌ನಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದರು. ಅಂದರೆ ಕಂಪ್ಲಿಯ ದಡದಲ್ಲಿ ನಿಂತು ನೋಡಿದರೆ ಕಾಣುವ ಆಚೆ ದಡದ ಆಡಳಿತ ಕೆಲವು ತಿಂಗಳು ಅವರ ಕೈಯಲ್ಲಿತ್ತು.

ಮೂರನೆಯ ಪರೀಕ್ಷೆ ಬಂದದ್ದು ಅಲ್ಲಿ. ಮೈಸೂರಿನಲ್ಲಿ ಅವರನ್ನು ಸಂಶಯಿಸಿದವರು ಅವರು ಮುಸಲ್ಮಾನರೆಂದು ಸಂಶಯಿಸಿದರು. ಹೈದರಾಬಾದಿನಲ್ಲಿ ಇತ್ತೇಹಾದ್ ಪಕ್ಷದವರು ಅವರು ಸಾಕಷ್ಟು ಮುಸಲ್ಮಾನರಲ್ಲವೆಂದು ಸಂಶಯಿಸಿದರು! ದೇಶದ ವಿಭಜನೆಯನ್ನು ಮಿರ್ಜಾರವರು ಒಪ್ಪಿರಲಿಲ್ಲ. ಹೈದರಾಬಾದ್ ಭಾರತದೊಡನೆ ಸೌಹಾರ್ದದಿಂದ ಒಂದು ಹೊಂದಾಣಿಕೆಗೆ ಬರಬೇಕೆಂಬುದು ಅವರ ನಿಲುವು. ಬಿಸಿ ರಕ್ತದ ಭಾಷಣಗಳ ನಡುವೆ ಆ ತಣ್ಣನೆಯ ಮಾತು ಯಾರಿಗೂ ಬೇಡವಾಯಿತು. 1947ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ 1948ರ ಸೆಪ್ಟೆಂಬರ್‌ವರೆಗೆ ಆ ಸಂಸ್ಥಾನದಲ್ಲಿ ಏನೇನಾಯಿತು, ಎರಡೂ ಕಡೆಯ ಬಡ ಜನ ಎಷ್ಟು ಬೆಲೆ ತೆತ್ತರು ಎಂಬುದನ್ನು ಗಂಗಾವತಿ, ಕೊಪ್ಪಳದ ಕಡೆಯ ಹಿರಿಯರಿಂದ ನಿಮ್ಮ ಮನೆಯವರು ಕೇಳಿರಬಹುದು. ಮಿರ್ಜಾರವರ ಮಾತಿಗೆ ಕಿವಿಗೊಟ್ಟಿದ್ದರೆ ಎಂದು ನನಗೆ ಅನ್ನಿಸುವುದುಂಟು.

ಮನೆಗೆ ಮರಳಿ

ದೇಶ ಇಬ್ಭಾಗವಾದಾಗ ಮಿರ್ಜಾರಂಥ ಅನುಭವಿಗೆ ಎಲ್ಲಿ ಹೋದರೂ ಮನ್ನಣೆ ಸಿಗುತ್ತಿತ್ತು. ಅವರು ತಾತ ಕಾಲಿಟ್ಟ ಊರಿಗೆ, ತಮ್ಮ ಸಂಸಾರವಿದ್ದ ಬೆಂಗಳೂರಿಗೆ ಬಂದರು. ಪತ್ನಿ ಜೇಬಿಂದಾ ಬೇಗಂ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಅವರ ಕುಟುಂಬ. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು. ಅದಕ್ಕೂ ಒಂದು ವರ್ಷ ಮೊದಲು, 1953ರ ಅಕ್ಟೋಬರ್ 1ರಂದು, ನಮ್ಮ ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಅದೇ ವರ್ಷ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಹೀಗೆ ಅವರು ಕಟ್ಟಿದ ರಾಜ್ಯ ಅವರ ಕೊನೆಯ ದಿನಗಳಲ್ಲಿ ನಮ್ಮದೂ ಆಯಿತು. 1959ರ ಜನವರಿ 5ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಅವರು ಇಹಲೋಕ ತ್ಯಜಿಸಿದರು.

ಮನೆತನದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಿರ್ಜಾರವರ ಮೊಮ್ಮಗ ಅಕ್ಬರ್ ಮಿರ್ಜಾ ಖಲೀಲಿಯವರು ಭಾರತದ ವಿದೇಶಾಂಗ ಸೇವೆಗೆ ಸೇರಿ ಇರಾನಿನಲ್ಲಿ ನಮ್ಮ ದೇಶದ ರಾಯಭಾರಿಯಾದರು. ಷಿರಾಜ್‌ನಿಂದ ಕುದುರೆ ಮಾರಲು ಬಂದ ಹುಡುಗನ ವಂಶದ ಕುಡಿ ಅದೇ ನಾಡಿಗೆ ಭಾರತದ ಪ್ರತಿನಿಧಿಯಾಗಿ ಹೋಯಿತು. ಮನೆಯೊಂದು ಮಕ್ಕಳಿಗೆ ವಿದ್ಯೆಯನ್ನೂ ವಿಶ್ವಾಸವನ್ನೂ ಆಸ್ತಿಯಾಗಿ ಬಿಟ್ಟುಹೋದರೆ ಅದು ಎಷ್ಟು ದೂರ ನಡೆಯಬಲ್ಲದು ನೋಡಿ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಮ್ಮನ್ನು ಯಾರು ನಂಬುತ್ತಾರೆ? ಜಗತ್ತು ಎಲ್ಲರನ್ನೂ ಸಮನಾಗಿ ನಂಬುತ್ತದೆಂದು ನಾನು ಅವನಿಗೆ ಸುಳ್ಳು ಹೇಳಲಿಲ್ಲ. ಮಿರ್ಜಾರವರನ್ನೂ ಎರಡೂ ಕಡೆಯವರು ಸಂಶಯಿಸಿದರು. ಆದರೆ ಅವರು ಮೊದಲು ಕೆಲಸ ಕಲಿತರು, ಇಪ್ಪತ್ತು ವರ್ಷ ಸಣ್ಣ ಹುದ್ದೆಗಳಲ್ಲಿ ನಿಂತು ಕಲಿತರು. ನಂಬಿಕೆ ಆ ಕಲಿಕೆಯ ಹಿಂದೆ ಬಂತು. ಗಣಿತದ ಮನೆಗೆಲಸವನ್ನು ಪಕ್ಕದವನಿಂದ ನಕಲು ಮಾಡದೆ ತಾನೇ ಮಾಡುವುದು, ಅಂಗಡಿಯಲ್ಲಿ ಹೆಚ್ಚಾಗಿ ಬಂದ ಚಿಲ್ಲರೆಯನ್ನು ವಾಪಸ್ ಕೊಡುವುದು, ಹೇಳಿದ ಸಮಯಕ್ಕೆ ಹೋಗುವುದು, ಅಮೀನ್ ಆಗುವ ದಾರಿ ಇಲ್ಲಿಂದಲೇ ಹೊರಡುತ್ತದೆ.

ಪೋಷಕರಲ್ಲಿಯೂ ನನ್ನದೊಂದು ವಿನಂತಿ. ಮಗ ಹತ್ತನೆಯ ತರಗತಿ ಮುಗಿಸುವ ಮುನ್ನವೇ ಗ್ಯಾರೇಜಿಗೆ, ಮಗಳು ಪಿಯುಸಿ ಮುಗಿಸುವ ಮುನ್ನವೇ ಮದುವೆಗೆ ಎನ್ನುವ ಅವಸರ ಬೇಡ. ನಮಗೆ ಯಾರು ಕೆಲಸ ಕೊಡುತ್ತಾರೆ ಎಂಬ ಮಾತನ್ನು ಮಕ್ಕಳ ಮುಂದೆ ಆಡಬೇಡಿ. ಆ ಮಾತು ಒಂದು ಬಾಗಿಲು ಮುಚ್ಚಿದಂತೆ. ನೀವು ಮುಚ್ಚಿದ ಬಾಗಿಲನ್ನು ಶಾಲೆಯ ಮೇಷ್ಟ್ರು ಒಬ್ಬರೇ ತೆರೆಯಲಾರರು.

ಮುಂದಿನ ಸಲ ಹಂಪಿಗೆ ಹೋದಾಗ ಅಹಮದ್ ಖಾನನ ಮಸೀದಿಯ ಮುಂದೆ ಐದು ನಿಮಿಷ ನಿಲ್ಲಿ. ಜೊತೆಗಿರುವ ಮಕ್ಕಳಿಗೆ ಆ ಶಾಸನದ ವಿಷಯ ಹೇಳಿ, ನಂತರ ಬೆಂಗಳೂರಿನ ಮಿರ್ಜಾರವರ ವಿಷಯವನ್ನೂ ಹೇಳಿ. ಅಲ್ಲಾಹನು ಆ ಮರ್ಹೂಮರಿಗೆ ಮಗ್ಫಿರತ್ ದಯಪಾಲಿಸಲಿ, ನಮ್ಮ ಮಕ್ಕಳಿಗೆ ಅವರ ದುಡಿಮೆಯಲ್ಲಿ ಒಂದು ಪಾಲನ್ನಾದರೂ ಕರುಣಿಸಲಿ. ಆಮೀನ್.